ಕುಣಿಗಲ್ ಸರ್ವರ್ ದಿನಾ ಮೂರು ಇಪ್ಪತ್ತಕ್ಕೆ ಏಳುತ್ತಿತ್ತು

ಬೆಳಿಗ್ಗೆ ಒಂಬತ್ತರ ಸುಮಾರಿಗೆ, ಕೆಲಸಕ್ಕೆ ಹೊರಡುವ ಮುಂಚೆ, ಮರಳೂರಿನ ಮನೆಯಲ್ಲೇ ಕೂತು ಎರಡು ಸರ್ವರ್‌ಗಳ ಯೋಗಕ್ಷೇಮ ವಿಚಾರಿಸುವುದು ನನ್ನ ರೂಢಿ. ಒಂದು ಗುಬ್ಬಿಯದು, ಇನ್ನೊಂದು ಕುಣಿಗಲ್ಲಿನದು. ತುಮಕೂರಿನ ಒಂದು ಕಣ್ಣಾಸ್ಪತ್ರೆಗೆ ಈ ಎರಡೂ ಊರುಗಳಲ್ಲಿ ಶಾಖೆಗಳಿವೆ. ಅಲ್ಲಿನ ಕಂಪ್ಯೂಟರ್‌ಗಳ ಜವಾಬ್ದಾರಿ ನನ್ನದು. ನಮ್ಮ ಮನೆಯವರು ಪೇಪರ್ ಓದುತ್ತಾರೆ, ನಾನು ಹಾರ್ಡ್‌ಡಿಸ್ಕ್ ಓದುತ್ತೇನೆ. ಪೇಪರಿಗಿಂತ ನನ್ನದೇ ವಾಸಿ, ಹೆಚ್ಚಿನ ದಿನ ಎಲ್ಲ ಹಸಿರಾಗಿರುತ್ತದೆ.

ಇದಕ್ಕೆ ಆ ಊರುಗಳಿಗೆ ಹೋಗಬೇಕಾಗಿಲ್ಲ. ದೂರದಿಂದ ನೋಡಿಕೊಳ್ಳಲೆಂದೇ ಸರ್ವರ್ ಒಳಗೆ ಒಂದು ಪುಟ್ಟ ಕಾರ್ಡ್ ಇರುತ್ತದೆ. ಸರ್ವರ್ ಕೆಟ್ಟು ಕೂತರೂ ಇದರ ಜೀವ ಬೇರೆ, ಪ್ಲಗ್‌ನಲ್ಲಿ ಕರೆಂಟಿದ್ದರೆ ಸಾಕು. ಬ್ರೌಸರ್‌ನಲ್ಲಿ ಅದರ ಪುಟ ತೆರೆದರೆ ಒಳಗೆ ಶಾಖ ಎಷ್ಟಿದೆ, ಫ್ಯಾನ್ ಎಷ್ಟು ಜೋರಾಗಿ ತಿರುಗುತ್ತಿದೆ, ಡಿಸ್ಕ್‌ಗಳು ಹೇಗಿವೆ ಎಂದು ಒಂದೊಂದಾಗಿ ಹೇಳುತ್ತದೆ. ಸರಿಯಿದ್ದರೆ ಹಸಿರು ಗುರುತು, ಅನುಮಾನವಿದ್ದರೆ ಹಳದಿ ತ್ರಿಕೋನ, ಸತ್ತಿದ್ದರೆ ಕೆಂಪು.

ಆ ಗುರುವಾರ ಗುಬ್ಬಿ ಹಸಿರಾಗಿತ್ತು. ಕುಣಿಗಲ್ ಪುಟದಲ್ಲಿ ಎರಡನೇ ಡಿಸ್ಕ್ ಕೆಂಪಗೆ ಕೂತಿತ್ತು.

ನಾನೇನೂ ಗಾಬರಿಯಾಗಲಿಲ್ಲ. ಆ ಸರ್ವರಿನಲ್ಲಿ ನಾಲ್ಕು ಡಿಸ್ಕ್‌ಗಳು ಸೇರಿ ಒಂದೇ ಎಂಬಂತೆ ಕೆಲಸ ಮಾಡುತ್ತವೆ. ಒಂದು ಸತ್ತರೆ ಉಳಿದ ಮೂರು ಅದರ ಪಾಲನ್ನೂ ತೂಗಿಸಿಕೊಂಡು ಹೋಗುತ್ತವೆ. ಸತ್ತಿದ್ದನ್ನು ಕಿತ್ತು ಹೊಸದು ಹಾಕಿದರೆ ಮೂರೂ ಸೇರಿ ಹೊಸದರ ಮೇಲೆ ಹಳೆಯದನ್ನೆಲ್ಲ ಮತ್ತೆ ಬರೆಯುತ್ತವೆ. ಇದಕ್ಕೆ ನಮ್ಮ ಭಾಷೆಯಲ್ಲಿ ರೀಬಿಲ್ಡ್ ಎನ್ನುತ್ತೇವೆ. ಅದು ಮುಗಿಯುವವರೆಗೆ ಇನ್ನೊಂದು ಡಿಸ್ಕ್ ಸಾಯಬಾರದು, ಅಷ್ಟೇ. ಸತ್ತರೆ ಎಲ್ಲ ಹೋದಂತೆ.

ಹೊಸ ಡಿಸ್ಕ್ ನಮ್ಮ ಕಪಾಟಿನಲ್ಲೇ ಇತ್ತು. ಶುಕ್ರವಾರ ಬೆಳಿಗ್ಗೆ ಅದನ್ನು ಬಟ್ಟೆಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ, ಕುಣಿಗಲ್ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸಿದೆ. ಅಲ್ಲಿನ ಶಾಖೆಯ ಇನ್‌ಚಾರ್ಜ್ ಬಸ್‌ಸ್ಟ್ಯಾಂಡಿಗೆ ಬಂದು ತೆಗೆದುಕೊಂಡರು. ನಾನು ಇಲ್ಲಿಂದ ಆ ಪುಟದಲ್ಲಿ ಒಂದು ಗುಂಡಿ ಒತ್ತಿದರೆ ಅಲ್ಲಿ ಆ ಡಿಸ್ಕ್‌ನ ದೀಪ ಮಿಣುಕುತ್ತದೆ. ಫೋನಿನಲ್ಲಿ ಮೂರು ಸಲ ಕೇಳಿದೆ, ಮಿಣುಕುತ್ತಿರುವುದು ಮೇಲಿನಿಂದ ಎರಡನೆಯದೇ ತಾನೇ ಎಂದು. ಇನ್‌ಚಾರ್ಜ್ ಒಳ್ಳೆಯವರು, ಆದರೆ ಎಲ್ಲದಕ್ಕೂ ಆತುರ.

"ಎರಡನೇದೇ ಮೇಡಂ. ಕಣ್ಣಾಸ್ಪತ್ರೇಲಿ ಇದೀನಿ, ಅಷ್ಟೂ ಕಾಣಲ್ವಾ" ಎಂದರು.

ಬದಲಾಯಿಸಿದರು. ರೀಬಿಲ್ಡ್ ಶುರುವಾಯಿತು. ಸಂಜೆ ಐದಕ್ಕೆ ನೋಡಿದಾಗ ಐವತ್ತು ಪರ್ಸೆಂಟಿಗೆ ಬಂದಿತ್ತು. ನಾಳೆ ಬೆಳಿಗ್ಗೆಗೆ ಮುಗಿದಿರುತ್ತದೆ ಎಂದು ಆ ವಿಷಯವನ್ನೇ ಮರೆತೆ.

ಶನಿವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಪುಟ ತೆರೆದರೆ ಎರಡು ಪರ್ಸೆಂಟ್ ಎಂದಿತ್ತು. ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ಎರಡೇ. ದಾಖಲೆ ಪುಟಕ್ಕೆ ಹೋದೆ. ಆ ಕಾರ್ಡ್ ತನಗೆ ಏನೇ ಆದರೂ ಸಮಯದ ಸಮೇತ ಬರೆದಿಡುತ್ತದೆ. ಅಲ್ಲಿ ಒಂದು ಸಾಲಿತ್ತು: ಮೂರು ಇಪ್ಪತ್ತೊಂದಕ್ಕೆ, ಕರೆಂಟ್ ಬಂದಿದೆ. ಬಂದಿದೆ ಎಂದರೆ ಹೋಗಿತ್ತು ಎಂದೇ ಅರ್ಥ. ಹಿಂದಿನ ದಿನವೂ ಇತ್ತು, ಮೂರು ಹತ್ತೊಂಬತ್ತಕ್ಕೆ. ಅದರ ಹಿಂದಿನ ದಿನ ಮೂರು ಇಪ್ಪತ್ತನಾಲ್ಕಕ್ಕೆ. ಹಾಗೆಯೇ ಹಿಂದಕ್ಕೆ ಹೋದರೆ ದಿನಾ ಇದೇ ಕಥೆ.

ಬೆಳಗಿನ ಜಾವ ಕುಣಿಗಲ್ಲಿನಲ್ಲಿ ಕರೆಂಟ್ ತೆಗೆಯುತ್ತಾರೆ, ಯುಪಿಎಸ್ ತಡೆಯುತ್ತಿಲ್ಲ, ಸರ್ವರ್ ಸತ್ತು ಹುಟ್ಟುತ್ತಿದೆ, ರೀಬಿಲ್ಡ್ ಮತ್ತೆ ಮೊದಲಿನಿಂದ ಶುರುವಾಗುತ್ತಿದೆ. ಎರಡು ನಿಮಿಷದಲ್ಲಿ ಲೆಕ್ಕಾಚಾರ ಮುಗಿಸಿದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲಿ ಹೇಳುತ್ತಾರೆ, ಸುಳ್ಳಲ್ಲ. ಯುಪಿಎಸ್ ನೋಡಿಕೊಳ್ಳುವವರಿಗೆ ಫೋನ್ ಮಾಡಿ ಚೆನ್ನಾಗಿ ದಬಾಯಿಸಿದೆ. ಪಾಪ, ಆ ಮನುಷ್ಯ ಮಧ್ಯಾಹ್ನದೊಳಗೆ ಹೊಸ ಬ್ಯಾಟರಿ ಹಾಕಿಕೊಟ್ಟ.

ಭಾನುವಾರ ಶಾಖೆಗೆ ರಜೆ. ಮನಸ್ಸು ತಡೆಯದೆ ಒಮ್ಮೆ ಪುಟ ತೆರೆಯಲು ನೋಡಿದೆ, ತೆರೆಯಲಿಲ್ಲ. ಇದು ಹೊಸದಲ್ಲ. ಸಾಯಂಕಾಲ ಆರರ ಮೇಲೆ, ರಜೆಯ ದಿನ, ಕುಣಿಗಲ್ ಪುಟ ತೆರೆಯುತ್ತಲೇ ಇರಲಿಲ್ಲ. ಇನ್‌ಚಾರ್ಜ್‌ಗೆ ಕೇಳಿದಾಗ "ಸಾಯಂಕಾಲ ಆದ್ಮೇಲೆ ಇಲ್ಲಿ ನೆಟ್ಟೇ ಇರಲ್ಲ ಮೇಡಂ, ನಮ್ಮ ಏರಿಯಾನೇ ಹಂಗೆ" ಎಂದಿದ್ದರು. ನಾನೂ ಹೂಂ ಎಂದು ಬಿಟ್ಟಿದ್ದೆ.

ಸೋಮವಾರ ಬೆಳಿಗ್ಗೆ ಒಂದು ಪರ್ಸೆಂಟ್. ದಾಖಲೆಯಲ್ಲಿ ಮೂರು ಇಪ್ಪತ್ತೆರಡು.

ಯುಪಿಎಸ್‌ನವನಿಗೆ ಮತ್ತೆ ಫೋನ್. ಅವನಿಗೂ ಬೇಜಾರಾಗಿತ್ತು. "ಮೇಡಂ, ಬ್ಯಾಟರಿ ಹೊಸಾದು, ನಾನೇ ಮುಂದೆ ನಿಂತು ಚೆಕ್ ಮಾಡಿದೀನಿ. ಎರಡು ಗಂಟೆ ಎಳೀತದೆ. ನಿಮ್ಮ ಕಂಪ್ಯೂಟ್ರೇ ಏನೋ ಆಟ ಆಡ್ತಿದೆ ನೋಡ್ಕಳಿ" ಎಂದ. ನನ್ನ ಕಂಪ್ಯೂಟರ್‌ಗೆ ಅನ್ನುತ್ತಾನಲ್ಲ ಎಂದು ಇನ್ನೂ ನಾಲ್ಕು ಮಾತು ಜಾಸ್ತಿಯೇ ಅಂದೆ.

ಅದೇ ದಿನ ಮಧ್ಯಾಹ್ನ ಡಾಕ್ಟರ್ ಫೋನ್ ಮಾಡಿದರು. ಇವರು ಅಕ್ಷಿಪಟಲದ ಡಾಕ್ಟರ್, ಅಂದರೆ ಕಣ್ಣಿನ ಹಿಂಭಾಗದ ಪದರ ನೋಡುವವರು. ಸೋಮವಾರ ಗುಬ್ಬಿ, ಗುರುವಾರ ಕುಣಿಗಲ್, ಉಳಿದ ದಿನ ತುಮಕೂರು. ಹೆಂಗಸು, ನನಗಿಂತ ಚಿಕ್ಕವರು, ಮಾತು ಕಡಿಮೆ. ಡಿಸ್ಕ್ ವಿಷಯ ಇನ್‌ಚಾರ್ಜ್ ಹೇಳಿಬಿಟ್ಟಿದ್ದರು.

"ಫೋಟೋಗಳಿಗೆ ಏನೂ ಆಗಲ್ಲ ತಾನೇ?" ಎಂದು ಕೇಳಿದರು.

"ಏನೂ ಆಗಲ್ಲ ಮೇಡಂ. ಅಂಥಾದ್ದೇನಾದ್ರೂ ಆದ್ರೆ ತುಮಕೂರಲ್ಲಿ ಬ್ಯಾಕಪ್ ಇದೆ."

"ಸರಿ. ಗುರುವಾರ ಸಿ.ಎಸ್. ಪುರದ ಮೇಷ್ಟ್ರು ಬರ್ತಾರೆ. ಎಡಗಣ್ಣು ಆಗಲೇ ಹೋಗಿದೆ. ಬಲಗಣ್ಣಿಗೆ ಮೂರು ಇಂಜೆಕ್ಷನ್ ಕೊಟ್ಟಿದೀವಿ. ಮೊದಲ ದಿನದ ಫೋಟೋ, ಸ್ಕ್ಯಾನ್ ಪಕ್ಕದಲ್ಲಿಟ್ಟು ನೋಡ್ದೆ ಮುಂದೇನು ಅಂತ ನಾನು ತೀರ್ಮಾನ ಮಾಡಕ್ಕಾಗಲ್ಲ. ಇವತ್ತಿನ ಫೋಟೋ ಯಾವಾಗ ಬೇಕಾದ್ರೂ ತೆಗೀಬಹುದು. ನಾಲ್ಕು ತಿಂಗಳ ಹಿಂದಿನ ಕಣ್ಣಿನ ಫೋಟೋ ಈಗ ಯಾರು ತೆಗೀತಾರೆ?"

ನಾನು ಧೈರ್ಯ ಹೇಳಿ ಫೋನ್ ಇಟ್ಟೆ. ರೀಬಿಲ್ಡ್‌ಗೆ ಇನ್ನಷ್ಟು ವೇಗ ಕೊಡುವ ಒಂದು ಆಯ್ಕೆಯಿದೆ, ಅದನ್ನು ಒತ್ತಿದೆ. ಸಂಜೆಗೆ ಎಪ್ಪತ್ತು ದಾಟಿತು, ಆದರೆ ಅಲ್ಲಿ ಒಂದೊಂದು ಫೋಟೋ ತೆರೆಯಲೂ ಎರಡೆರಡು ನಿಮಿಷ ಹಿಡಿದು ರೋಗಿಗಳೆಲ್ಲ ಇನ್‌ಚಾರ್ಜ್ ಮೇಲೆ ಹರಿಹಾಯ್ದರಂತೆ. ಮಂಗಳವಾರ ಬೆಳಿಗ್ಗೆ ಮತ್ತೆ ಒಂದು. ಬುಧವಾರ ಬೆಳಿಗ್ಗೆ ಎರಡು.

ಬುಧವಾರ ಅದರ ಜೊತೆಗೆ ಇನ್ನೊಂದಿತ್ತು. ನಾಲ್ಕನೇ ಡಿಸ್ಕ್‌ನ ಮುಂದೆ ಹಳದಿ ತ್ರಿಕೋನ.

ಒಳಗೆ ಹೋಗಿ ನೋಡಿದರೆ ಓದುವಾಗ ಆದ ತಪ್ಪುಗಳ ಎಣಿಕೆ ಹನ್ನೊಂದು. ಮಧ್ಯಾಹ್ನಕ್ಕೆ ಹದಿನೇಳು. ಐದು ದಿನದಿಂದ ರೀಬಿಲ್ಡ್ ಶುರುವಾಗುವುದು, ಅರ್ಧಕ್ಕೆ ಬಂದು ಸಾಯುವುದು, ಮತ್ತೆ ಮೊದಲಿನಿಂದ ಓದುವುದು. ವಯಸ್ಸಾದ ಡಿಸ್ಕ್‌ಗಳು, ಅದಕ್ಕೂ ಸುಸ್ತಾಗಿತ್ತು. ಅದೊಂದು ಮಲಗಿತೆಂದರೆ ಎಲ್ಲ ಮುಗಿಯಿತು. ಆದರೂ ಬ್ಯಾಕಪ್ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ. ಅದನ್ನು ತೆರೆದು ನೋಡಬೇಕೆಂದು ಮಾತ್ರ ನನಗೆ ಹೊಳೆಯಲಿಲ್ಲ. ಈಗ ನೆನೆಸಿಕೊಂಡರೆ ನನ್ನ ತಲೆಗೆ ನಾನೇ ಮೊಟಕಿಕೊಳ್ಳಬೇಕೆನಿಸುತ್ತದೆ.

ಗುರುವಾರ ಬೆಳಿಗ್ಗೆ ಮನಸ್ಸು ನಿಲ್ಲದೆ ಎಂಟೂ ನಲವತ್ತಕ್ಕೇ ಲ್ಯಾಪ್‌ಟಾಪ್ ತೆರೆದೆ. ಕುಣಿಗಲ್ ಪುಟ ತೆರೆಯಲಿಲ್ಲ. ಐದು ನಿಮಿಷ ಬಿಟ್ಟು ನೋಡಿದೆ, ಇಲ್ಲ. ಇನ್‌ಚಾರ್ಜ್ ಬರುವುದು ಒಂಬತ್ತೂವರೆಗೆ. ಬೀಗ ತೆಗೆಯುವುದು ಆಯಮ್ಮ. ಕಸ ಗುಡಿಸಿ, ಒರೆಸಿ, ರೋಗಿಗಳನ್ನು ಸಾಲಾಗಿ ಕೂರಿಸಿ, ಕಣ್ಣಿಗೆ ಹನಿ ಹಾಕುವುದರ ತನಕ ಆ ಶಾಖೆಯನ್ನು ನಡೆಸುವವರೇ ಅವರು. ಹಾಗಾಗಿ ಅವರಿಗೇ ಫೋನ್ ಮಾಡಿದೆ. ಸರ್ವರಿನ ಮುಂದೆ ನಾಲ್ಕು ದೀಪ ಇವೆ, ಕೆಳಗಿನದು ಯಾವ ಬಣ್ಣ ಇದೆ ನೋಡಿ ಹೇಳಿ ಆಯಮ್ಮ ಎಂದೆ.

"ಇರಿ ಮೇಡಂ, ಈಗ್ತಾನೆ ಬೀಗ ತೆಗ್ದಿದೀನಿ. ಮೇನ್ ಹಾಕ್ಬುಟ್ಟು ನೋಡ್ತೀನಿ. ಈಗೆಲ್ಲಾ ಕತ್ತಲಾಗದೆ, ಒಂದು ದೀಪನೂ ಇಲ್ಲ."

ಮೊದಲು ಆ ಮಾತು ನನ್ನ ಕಿವಿಗಷ್ಟೇ ಬಿತ್ತು. ಎರಡು ಕ್ಷಣ ಬಿಟ್ಟು ಕೇಳಿದೆ, "ಮೇನ್ ಹಾಕೋದಾ? ಯಾವ ಮೇನು?"

"ಕರೆಂಟಿಂದು ಕಣವ್ವ. ಸಾಯಂಕಾಲ ಬಾಗ್ಲು ಹಾಕುವಾಗ ಆಫ್ ಮಾಡ್ತೀನಲ್ಲ, ಅದು."

"ದಿನಾನೂ ಆಫ್ ಮಾಡ್ತೀರಾ?"

"ಇನ್ನೇನ್ ಹಂಗೇ ಬುಟ್ಟು ಹೋಗಕ್ಕಾಯ್ತದಾ? ಹನ್ನೊಂದು ವರ್ಸದಿಂದ ಒಂದಿನಾನೂ ತಪ್ಸಿಲ್ಲ ಮೇಡಂ, ನೀವ್ ಯಾರನ್ನಾದ್ರೂ ಕೇಳಿ" ಎಂದರು. ಅವರ ದನಿಯಲ್ಲಿ ಹೆಮ್ಮೆಯಿತ್ತು.

"ಯುಪಿಎಸ್ಸು?"

"ಮೇನ್ ತೆಗೀತಿದ್ದಂಗೇ ಅದು ಕುಂಯ್ ಕುಂಯ್ ಅಂತ ಬಡ್ಕಂತದೆ. ಮ್ಯಾಲಿನ ಮನೆಯವ್ರು ಬೈತಾರೆ. ಅದ್ಕೇ ಅದರ ಗುಂಡೀನೂ ಅದುಮ್ಬುಟ್ಟು ಹೋಗ್ತೀನಿ."

ಫೋನಿನಲ್ಲಿ ಟಪ್ ಎಂದು ಸದ್ದಾಯಿತು. ಎರಡು ನಿಮಿಷಕ್ಕೆ ನನ್ನ ಮುಂದೆ ಪುಟ ತೆರೆಯಿತು. ದಾಖಲೆಯಲ್ಲಿ ಹೊಸ ಸಾಲು ಬಂದಿತ್ತು: ಮೂರು ಇಪ್ಪತ್ತು, ಕರೆಂಟ್ ಬಂದಿದೆ. ಗೋಡೆಯ ಗಡಿಯಾರ ನೋಡಿದೆ. ಎಂಟೂ ಐವತ್ತೆರಡು.

ಆ ಕಾರ್ಡ್ ತಯಾರಾಗಿ ಬರುವಾಗ ಅದರ ಗಡಿಯಾರ ಲಂಡನ್ನಿನ ಲೆಕ್ಕದಲ್ಲಿರುತ್ತದೆ, ನಮಗಿಂತ ಐದೂವರೆ ಗಂಟೆ ಹಿಂದೆ. ಅದನ್ನು ಯಾರೂ ನಮ್ಮ ಸಮಯಕ್ಕೆ ತಿರುಗಿಸಿರಲಿಲ್ಲ. ಯಾರೂ ಎಂದರೆ ನಾನು. ಬೆಳಗಿನ ಜಾವ ಕುಣಿಗಲ್ಲಿನಲ್ಲಿ ಯಾರೂ ಕರೆಂಟ್ ತೆಗೆಯುತ್ತಿರಲಿಲ್ಲ. ನಾನು ಮೂರು ಇಪ್ಪತ್ತು ಎಂದು ಓದಿದ್ದು ಆಯಮ್ಮ ಬೀಗ ತೆಗೆಯುವ ಹೊತ್ತು. ಕರೆಂಟ್ ಹೋದಾಗ ಆ ಕಾರ್ಡೂ ಸಾಯುವುದರಿಂದ ಹೋದದ್ದನ್ನು ಬರೆಯಲು ಅದಕ್ಕೆ ಆಗುತ್ತಿರಲಿಲ್ಲ, ಬಂದದ್ದನ್ನು ಮಾತ್ರ ಬರೆಯುತ್ತಿತ್ತು. ರಾತ್ರಿಯಿಡೀ ಸರ್ವರ್ ಸತ್ತಿರುತ್ತಿತ್ತು. ನೆಟ್ ಇಲ್ಲದ್ದೂ ಅದಕ್ಕೇ.

ಇಂಗು ತಿಂದ ಮಂಗನ ಹಾಗೆ ಒಂದು ನಿಮಿಷ ಕೂತೆ. ಯುಪಿಎಸ್‌ನವನಿಗೆ ಬೈದ ಬೈಗುಳವೆಲ್ಲ ಒಂದೊಂದಾಗಿ ನೆನಪಾಯಿತು. ಆದರೆ ಅದಕ್ಕಿಂತ ದೊಡ್ಡದು ಅದರ ಹಿಂದೆಯೇ ಬಂತು. ರಾತ್ರಿಯಿಡೀ ಸರ್ವರ್ ಸತ್ತಿರುತ್ತಿತ್ತು ಎಂದಾದರೆ, ರಾತ್ರಿ ಹನ್ನೊಂದಕ್ಕೆ ತುಮಕೂರಿಗೆ ಹೋಗಬೇಕಿದ್ದ ಬ್ಯಾಕಪ್?

ತೆರೆದು ನೋಡಿದೆ. ನಾಲ್ಕು ತಿಂಗಳಿಂದ ಒಂದು ಫೈಲೂ ಬಂದಿರಲಿಲ್ಲ. ಶಾಖೆ ಹೊಸ ಬಾಡಿಗೆ ಕಟ್ಟಡಕ್ಕೆ ಬಂದು ನಾಲ್ಕು ತಿಂಗಳಾಗಿತ್ತು. ಹಳೆಯ ಕಟ್ಟಡದಲ್ಲಿ ಸರ್ವರಿನ ವೈರು ಮಾಲೀಕರ ಮೀಟರಿನಿಂದ ಬಂದಿತ್ತಾದ್ದರಿಂದ ಆಯಮ್ಮನ ಮೇನ್ ಅದನ್ನು ಮುಟ್ಟುತ್ತಿರಲಿಲ್ಲ. ಇಲ್ಲಿ ಎಲ್ಲವೂ ಒಂದೇ ಮೇನ್‌ನಡಿ. ಗುಬ್ಬಿಯಲ್ಲಿ ಈ ತೊಂದರೆಯೇ ಇಲ್ಲ, ಅಲ್ಲಿನ ವಾಚ್‌ಮನ್ ಕುಟುಂಬ ಕಟ್ಟಡದ ಹಿಂದೆಯೇ ಇದೆ, ಮೇನ್ ಯಾವತ್ತೂ ಆಫ್ ಆಗುವುದಿಲ್ಲ. ಬ್ಯಾಕಪ್ ವಿಫಲವಾದರೆ ನನಗೆ ಮೇಲ್ ಬರುವಂತೆ ಇಟ್ಟಿದ್ದೆ. ಮೇಲ್ ಬರಲಿಲ್ಲ, ಎಲ್ಲ ಸುಸೂತ್ರ ಎಂದುಕೊಂಡಿದ್ದೆ. ಶುರುವೇ ಆಗದ ಕೆಲಸ ವಿಫಲವಾಗುವುದಾದರೂ ಹೇಗೆ?

ಅಂದರೆ ನಾಲ್ಕು ತಿಂಗಳಲ್ಲಿ ಕುಣಿಗಲ್ಲಿಗೆ ಬಂದವರ ಕಣ್ಣುಗಳೆಲ್ಲ ಆ ಸುಸ್ತಾದ ಡಿಸ್ಕ್‌ಗಳ ಮೇಲೆ ಮಾತ್ರ ಇದ್ದವು. ಸಿ.ಎಸ್. ಪುರದ ಮೇಷ್ಟರ ಬಲಗಣ್ಣೂ ಅಲ್ಲೇ ಇತ್ತು. ಅವರು ಇವತ್ತೇ ಬರುವವರಿದ್ದರು.

ಸುಲಭದ ದಾರಿ ಕಣ್ಣ ಮುಂದೆಯೇ ಇತ್ತು. ಇವತ್ತೊಂದು ರಾತ್ರಿ ಮೇನ್ ಆಫ್ ಮಾಡಬೇಡಿ ಎಂದರೆ ನಾಳೆ ಬೆಳಿಗ್ಗೆಗೆ ರೀಬಿಲ್ಡ್ ಮುಗಿಯುತ್ತದೆ. ಯಾರಿಗೂ ಏನೂ ಹೇಳಬೇಕಾಗಿಲ್ಲ. ಆದರೆ ರೀಬಿಲ್ಡ್ ಮುಗಿಯಬೇಕಾದರೆ ಆ ನಾಲ್ಕನೇ ಡಿಸ್ಕನ್ನು ಮೂಲೆ ಮೂಲೆ ಬಿಡದೆ ಓದಬೇಕು. ತಪ್ಪುಗಳ ಎಣಿಕೆ ಇಪ್ಪತ್ತೆರಡಕ್ಕೆ ಬಂದಿತ್ತು. ಅರ್ಧ ದಾರಿಯಲ್ಲಿ ಅದು ಕೈಕೊಟ್ಟರೆ ಏನೂ ಸಿಗುವುದಿಲ್ಲ. ಅದರಲ್ಲಿ ಎಷ್ಟು ಉಸಿರು ಉಳಿದಿದೆಯೋ ಗೊತ್ತಿಲ್ಲ, ಇರುವುದನ್ನು ಯಾವುದಕ್ಕೆ ಖರ್ಚು ಮಾಡಬೇಕು ಎನ್ನುವುದಷ್ಟೇ ನನ್ನ ಕೈಯಲ್ಲಿತ್ತು.

ರೀಬಿಲ್ಡ್ ನಿಲ್ಲಿಸಿದೆ. ಆರು ದಿನ ಎಲ್ಲರಿಗೂ ಅದು ಮುಗಿಯಲಿ, ಮುಗಿಯಲಿ ಎಂದು ಹೇಳಿಕೊಂಡು ಬಂದವಳು ನಾನೇ. ಅದೇ ಪುಟದಲ್ಲಿ ಫ್ಯಾನ್‌ಗಳ ವೇಗ ಪೂರ್ತಿ ಏರಿಸಿದೆ, ಡಿಸ್ಕ್ ಆದಷ್ಟು ತಣ್ಣಗಿರಲಿ ಎಂದು. ಆಮೇಲೆ ಡಾಕ್ಟರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬ್ಯಾಕಪ್ ಇದೆ ಎಂದು ಸೋಮವಾರ ಹೇಳಿದ್ದು ತಪ್ಪು, ಇಲ್ಲ, ನೋಡಿಕೊಳ್ಳದೇ ಇದ್ದದ್ದು ನಾನು ಎಂದೆ.

"ಈಗೇನ್ ಮಾಡ್ಬೇಕು ಹೇಳಿ" ಎಂದರು.

"ನಾನು ಕುಣಿಗಲ್‌ಗೆ ಬರೋವರೆಗೂ ಯಾರೂ ಸರ್ವರ್ ಮುಟ್ಟಬಾರದು ಮೇಡಂ. ಇವತ್ತು ಎಲ್ಲ ಚೀಟಿ ಮೇಲೆ ಬರೀಲಿ. ಹೊಸ ಫೋಟೋ ಕ್ಯಾಮೆರಾದಲ್ಲೇ ಇರ್ಲಿ."

"ಆಯ್ತು. ಮೇಷ್ಟ್ರನ್ನ ಕೂರಿಸಿರ್ತೀನಿ."

ನಮ್ಮ ಮನೆಯಿರುವುದು ಕುಣಿಗಲ್ ರಸ್ತೆಗೇ. ಹೊರಗಿನ ಡಿಸ್ಕೊಂದನ್ನು ಬ್ಯಾಗಿಗೆ ಹಾಕಿಕೊಂಡು ಮರಳೂರು ಸ್ಟಾಪಿನಲ್ಲಿ ಬಸ್ ಹತ್ತಿದೆ. ಹೆಬ್ಬೂರಿನಲ್ಲಿ ಬಸ್ ಜನ ತುಂಬಿಸಿಕೊಳ್ಳಲು ನಿಂತಾಗ ಇಳಿದು ಓಡಿಬಿಡಲೇ ಎನಿಸಿತು.

ಅಲ್ಲಿ ತಲುಪಿದಾಗ ಹತ್ತೂ ಮುಕ್ಕಾಲು. ಇನ್‌ಚಾರ್ಜ್ ಬಾಗಿಲಲ್ಲೇ ಎದುರಾದರು. "ಏನ್ ಮೇಡಂ, ಇಷ್ಟು ದಿನ ಕಾದು ಈಗ ರೀಬಿಲ್ಡ್ ನಿಲ್ಸಿದೀರಂತೆ? ಇವತ್ತು ರಾತ್ರಿ ಬಿಟ್ಟಿದ್ರೆ ಮುಗ್ದೇ ಹೋಗ್ತಿತ್ತಲ್ಲ" ಎಂದರು. ಮುಗಿಯುತ್ತಿತ್ತೋ, ಮುಗಿಸುತ್ತಿತ್ತೋ ಗೊತ್ತಿಲ್ಲ ಸರ್, ಮೊದಲು ನಕಲು ತೆಗೆಯೋಣ ಎಂದೆ. ಜಗಳಕ್ಕೆ ಹೊತ್ತಿರಲಿಲ್ಲ.

ಹಳೆಯ ವರ್ಷಗಳದ್ದು ತುಮಕೂರಿನಲ್ಲಿ ಇತ್ತು, ಬೇಕಾದ್ದು ಈ ನಾಲ್ಕು ತಿಂಗಳದ್ದು. ತಿಂಗಳಿಗೊಂದರಂತೆ, ಹೊಸದರಿಂದ ಹಿಂದಕ್ಕೆ, ನಕಲು ಶುರು ಮಾಡಿದೆ. ಒಂದೇ ಸಲ ಎಲ್ಲ ಎಳೆದರೆ ಡಿಸ್ಕ್ ಅತ್ತಿತ್ತ ಓಡಾಡಿ ದಣಿಯುತ್ತದೆ, ಅದಕ್ಕೆ ಸಾಲಾಗಿ ಒಂದಾದ ಮೇಲೆ ಒಂದು. ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಆ ಪುಟದಲ್ಲಿ ಎಣಿಕೆ ನೋಡುತ್ತಾ ಕೂತೆ. ಇಪ್ಪತ್ತೆರಡು, ಇಪ್ಪತ್ತೆರಡು, ಇಪ್ಪತ್ತಮೂರು.

ಆ ಕೋಣೆಯ ಬಾಗಿಲಾಚೆಯ ಬೆಂಚಿನಲ್ಲಿ ಮೇಷ್ಟ್ರು ಕೂತಿದ್ದರು. ಬಿಳಿ ಷರ್ಟು, ಜೇಬಿನಲ್ಲಿ ಎರಡು ಪೆನ್ನು. ಕಣ್ಣಿಗೆ ಹನಿ ಹಾಕಿಸಿಕೊಂಡಿದ್ದರಿಂದ ಎಲ್ಲ ಮಸುಕು ಅವರಿಗೆ. ಒಳಗೆ ಯಾರೋ ಇದ್ದಾರೆಂದಷ್ಟೇ ಗೊತ್ತಾಗಿ ಮಾತಾಡಿಸಿದರು.

"ಕಂಪ್ಯೂಟರ್ ರಿಪೇರಿನಾಮ್ಮ?"

"ಹೂಂ ಸರ್. ನಿಮ್ಮ ಫೋಟೋನೂ ಇದ್ರಲ್ಲೇ ಇದೆ, ತೆಗೀತಿದೀನಿ."

"ತೆಗೀರಿ, ನಿಧಾನಕ್ಕೆ ತೆಗೀರಿ. ಇವತ್ತು ಸ್ಕೂಲಿಗೆ ರಜೆ ಹಾಕಿ ಬಂದಿದೀನಿ. ಮಕ್ಕಳ ಹೆಸ್ರೆಲ್ಲ ಬಾಯಿಗೆ ಬರ್ತವೆ, ಹಾಜರಿ ತಗೊಳಕ್ಕೆ ಏನೂ ತೊಂದ್ರೆ ಇಲ್ಲ. ಅವರು ಬರ್ದಿದ್ದು ಓದಕ್ಕಾಗಲ್ಲ, ಅದೊಂದೇ. ಏನ್ ಬರ್ದಿದೀಯ ಓದು ಅಂತ ಅವ್ರ ಕೈಲೇ ಓದಿಸ್ತೀನಿ. ತಪ್ಪು ಬರ್ದಿದ್ರೂ ಸರಿಯಾಗೇ ಓದ್ತಾರೆ ಕಳ್ಳ ನನ್ಮಕ್ಳು." ಹೇಳಿ ತಾವೇ ನಕ್ಕರು. ನನಗೆ ನಗು ಬರಲಿಲ್ಲ.

ಒಂದೂವರೆಗೆ ಮೂರು ತಿಂಗಳದ್ದು ಮುಗಿಯಿತು. ಉಳಿದದ್ದು ನಾಲ್ಕನೆಯದು, ಅಂದರೆ ಮೇಷ್ಟ್ರು ಮೊದಲ ಸಲ ಬಂದ ತಿಂಗಳು. ಅರ್ಧಕ್ಕೆ ಬಂದು ನಕಲು ನಿಂತಿತು. ಎಣಿಕೆ ಒಂದೇ ಏಟಿಗೆ ಮೂವತ್ತೈದಕ್ಕೆ ಹಾರಿತು. ಡಿಸ್ಕಿನಿಂದ ಟಿಕ್ ಟಿಕ್ ಸದ್ದು. ಈ ಕೆಲಸ ಮಾಡುವವರಿಗೆ ಗೊತ್ತು, ಡಿಸ್ಕ್ ಸಾಯುವ ಮುಂಚೆ ಮಾಡುವ ಸದ್ದು ಅದು. ಅಲ್ಲಿಯೇ ಒತ್ತಿ ಹಿಡಿದು ಓದಿಸಬೇಕೆಂದು ಕೈ ತವಕಿಸಿತು. ಅದು ಯಾರ ಫೋಲ್ಡರ್ ಎಂದು ನಂಬರ್ ನೋಡಿದರೆ ಮೇಷ್ಟರದೇ.

ಬಿಟ್ಟು ಮುಂದೆ ಹೋದೆ. ಒಬ್ಬರದ್ದಕ್ಕಾಗಿ ಹಟ ಹಿಡಿದು ಡಿಸ್ಕ್ ಸತ್ತರೆ ಆ ತಿಂಗಳ ಉಳಿದವರದ್ದೂ ಹೋಗುತ್ತದೆ. ಸರಿಯಾದದ್ದೇ ಮಾಡಿದೆ, ಆದರೆ ಬಾಗಿಲಾಚೆ ಕೂತ ಆ ಮನುಷ್ಯನ ಕಡೆ ತಿರುಗಿ ನೋಡಲು ನನ್ನಿಂದಾಗಲಿಲ್ಲ. ಆಯಮ್ಮ ತಟ್ಟೆಯಲ್ಲಿ ಎರಡು ಇಡ್ಲಿ ತಂದು ಮುಂದಿಟ್ಟರು. ಬೇಡ ಎಂದೆ. "ಮಿಷನ್ ತಿನ್ನಕ್ಕಿಲ್ಲ ಬುಡಿ, ನೀವು ತಿನ್ನಿ" ಎಂದು ಗದರಿದರು.

ಎರಡೂಮುಕ್ಕಾಲಿಗೆ ಉಳಿದದ್ದೆಲ್ಲ ಬಂತು. ಬಾರದೆ ಉಳಿದದ್ದು ಒಂಬತ್ತು ಫೈಲು, ಅದರಲ್ಲಿ ಐದು ಮೇಷ್ಟರವು. ಅರ್ಧ ಗಂಟೆ ಡಿಸ್ಕಿಗೆ ಯಾವ ಕೆಲಸವನ್ನೂ ಹೇಳದೆ ಸುಮ್ಮನೆ ಬಿಟ್ಟೆ. ಫ್ಯಾನ್‌ಗಳು ಭೋರ್ ಎನ್ನುತ್ತಲೇ ಇದ್ದವು. ಪುಟದಲ್ಲಿ ಶಾಖ ನಲವತ್ತಾರರಿಂದ ಮೂವತ್ತೇಳಕ್ಕೆ ಇಳಿಯಿತು. ಆಗ ಒಂದೊಂದೇ ಫೈಲ್ ಕೇಳಿದೆ. ಮೊದಲನೆಯದು ಬಂತು. ಎರಡನೆಯದು ತಡವರಿಸಿ ಬಂತು. ಮೂರನೆಯದು ಬರಲಿಲ್ಲ. ಬಿಟ್ಟು ನಾಲ್ಕನೆಯದು ಕೇಳಿದೆ, ಬಂತು. ಹೀಗೆ ಎಂಟು ಬಂದವು. ಮೂರನೆಯದನ್ನು ಮತ್ತೆ ಎರಡು ಸಲ ಕೇಳಿ ಕೈಬಿಟ್ಟೆ. ಅದು ಮೇಷ್ಟರ ಬಲಗಣ್ಣಿನದೇ ಆಗಿತ್ತು.

ಡಾಕ್ಟರನ್ನು ಕರೆದೆ. ಅವರು ನಿಂತುಕೊಂಡೇ ಪಟ್ಟಿ ನೋಡಿದರು. "ಇದು ಯಾವ್ದು? ಅದೇ ದಿನ, ಅದೇ ನಿಮಿಷ. ಇದರ ಹಿಂದಿಂದು, ಮುಂದಿಂದು ಎರಡೂ ಬಂದಿದೆಯಲ್ಲ? ಒಂದೇ ಕಣ್ಣನ್ನ ಮೂರು ಸಲ ತೆಗ್ದಿರ್ತಾರೆ ರೀ, ಯಾವ್ದಾದ್ರೂ ಒಂದು ಚೆನ್ನಾಗಿ ಬರ್ಲಿ ಅಂತ. ಹೋದ್ರೆ ಹೋಗ್ಲಿ ಬಿಡಿ."

ಉಸ್ಸಪ್ಪಾ ಎಂದು ಕುರ್ಚಿಗೆ ಒರಗಿದೆ. ಆ ದಿನ ಬೆಳಗಿನಿಂದ ನಾನು ಒರಗಿ ಕೂತಿರಲೇ ಇಲ್ಲ ಎಂದು ಆಗ ಬೆನ್ನು ಹೇಳಿತು.

ಡಾಕ್ಟರ್ ನನ್ನ ಲ್ಯಾಪ್‌ಟಾಪಿನಲ್ಲೇ ಹಳೆಯ ಫೋಟೋ, ಇವತ್ತಿನ ಫೋಟೋ ಅಕ್ಕಪಕ್ಕ ಇಟ್ಟು ನೋಡಿದರು. ಹಿಂದೆ ಮುಂದೆ ಮಾಡಿ ಬಹಳ ಹೊತ್ತು ನೋಡಿದರು. ನನಗೆ ಕಿತ್ತಳೆ ಬಣ್ಣದ ಎರಡು ವೃತ್ತ ಬಿಟ್ಟರೆ ಏನೂ ತಿಳಿಯಲಿಲ್ಲ. ಆಮೇಲೆ ಮೇಷ್ಟ್ರನ್ನು ಒಳಗೆ ಕರೆಸಿದರು.

"ಊತ ಇಳಿದಿದೆ ಮೇಷ್ಟ್ರೇ, ಚೆನ್ನಾಗೇ ಇಳಿದಿದೆ. ಇವತ್ತು ಇಂಜೆಕ್ಷನ್ ಬೇಡ. ಸಕ್ಕರೆ ಹದ್ದುಬಸ್ತಲ್ಲಿ ಇಟ್ಕೊಳ್ಳಿ, ಮುಂದಿನ ತಿಂಗಳು ಬನ್ನಿ."

"ಹಂಗಂದ್ರೆ ಈ ಕಣ್ಣು ಉಳೀತದಾ ಡಾಕ್ಟ್ರೇ?"

"ಉಳಿಸ್ಕೊಳ್ಳೋಣ."

ಮೇಷ್ಟ್ರು ಕರ್ಚೀಫಿನಿಂದ ಕಣ್ಣೊರೆಸಿಕೊಂಡರು. ಹನಿ ಹಾಕಿದ್ದಕ್ಕೆ ನೀರು ಬರುತ್ತದೆ ಎಂದು ತಾವೇ ಸಬೂಬು ಹೇಳಿದರು. ಗುಬ್ಬಿ ಕಡೆಯ ಬಸ್ಸಿಗೆ ಹೊತ್ತಾಯಿತೆಂದು ಆಯಮ್ಮ ಅವರ ಕೈ ಹಿಡಿದು ರಸ್ತೆ ದಾಟಿಸಿ ಬಂದರು.

ಐದಕ್ಕೆ ರೀಬಿಲ್ಡ್ ಮತ್ತೆ ಶುರು ಮಾಡಿದೆ. ಈಗ ನಾಲ್ಕನೇ ಡಿಸ್ಕ್ ಕೈಕೊಟ್ಟರೂ ಫೋಟೋಗಳು ನನ್ನ ಬ್ಯಾಗಿನಲ್ಲಿದ್ದವು. ಉಳಿದದ್ದು ಮೇನ್. ಅದನ್ನು ಇವತ್ತು ಆಫ್ ಮಾಡಬೇಡಿ ಎಂದು ಆಯಮ್ಮನಿಗೆ ಹೇಳಿದೆ. ಇಷ್ಟು ಚಿಕ್ಕ ಮಾತು ಎಂದುಕೊಂಡಿದ್ದೆ. ಅವರ ಮುಖ ಇಳಿದುಹೋಯಿತು.

"ಹಂಗೇ ಬುಟ್ಟು ಹೋಗಕ್ಕೆ ನಂಗೆ ಕೈ ಬರಕ್ಕಿಲ್ಲ ಮೇಡಂ. ಮುಂಚೆ ನಾನು ಕೆಲ್ಸ ಮಾಡ್ತಿದ್ದ ಬಟ್ಟೆ ಅಂಗ್ಡಿ ಹಂಗೇ ಹತ್ಕಂಡು ಉರ್ದೋಯ್ತು. ಅವತ್ತು ಬಾಗ್ಲು ಹಾಕಿದ್ದು ನಾನೇಯ. ಮೇನ್ ತೆಗ್ದಿರ್ಲಿಲ್ಲ. ಯಾರೂ ನನ್ನ ಏನೂ ಅನ್ಲಿಲ್ಲ. ಅಂದಿದ್ರೇ ವಾಸಿಯಾಗಿತ್ತು."

ನಾನು ಬೆಳಿಗ್ಗೆಯಿಂದ ಈ ಹೆಂಗಸಿನ ಅಭ್ಯಾಸಕ್ಕೆ ಮನಸ್ಸಿನಲ್ಲೇ ಎಷ್ಟು ಬೈದುಕೊಂಡಿದ್ದೆನೋ ಲೆಕ್ಕವಿಲ್ಲ. ಅಷ್ಟನ್ನೂ ನುಂಗಿಕೊಂಡೆ. ನಾಳೆ ನಾಡಿದ್ದರಲ್ಲಿ ಎಲೆಕ್ಟ್ರಿಷಿಯನ್ ಬಂದು ಸರ್ವರಿಗೆ ಬೇರೆ ಲೈನ್ ಎಳೆಯುತ್ತಾನೆ, ಆದರೆ ಇವತ್ತು? ಮೇನ್ ಪಕ್ಕದಲ್ಲೇ ಎಂಸಿಬಿ ಡಬ್ಬಿಯಿತ್ತು, ಒಳಗೆ ಎಂಟು ಸಣ್ಣ ಸ್ವಿಚ್‌ಗಳು, ಯಾವುದರ ಮೇಲೂ ಹೆಸರಿಲ್ಲ. ನಾನು ಒಂದೊಂದಾಗಿ ಇಳಿಸುತ್ತಾ ಹೋದೆ. ಆಯಮ್ಮ ಕೋಣೆಯಿಂದ ಕೋಣೆಗೆ ಓಡಾಡಿ ಅಲ್ಲಿಂದಲೇ ಕೂಗಿ ಹೇಳಿದರು, ಡಾಕ್ಟ್ರು ರೂಮು ಹೋಯ್ತು, ನೀರಿನ ಮೋಟ್ರು ಹೋಯ್ತು, ಹೊರಗಿನ ಬೋರ್ಡು ಹೋಯ್ತು ಎಂದು. ಕೊನೆಗೆ ಏಳು ಇಳಿದು ಒಂದು ಉಳಿಯಿತು, ಸರ್ವರ್ ಮತ್ತು ನೆಟ್ಟಿನದು. ಅದರ ಮೇಲೆ ಕಣ್ಣಿಗೆ ಅಂಟಿಸುವ ಬಿಳಿ ಟೇಪ್ ಹಚ್ಚಿ "ಮುಟ್ಟಬೇಡಿ" ಎಂದು ಬರೆದೆ. ಆ ವೈರು, ಪ್ಲಗ್ಗು ಎಲ್ಲ ಆಯಮ್ಮ ಕೈಯಿಟ್ಟು ಮುಟ್ಟಿ ನೋಡಿದರು. ಬಿಸಿಯಿರಲಿಲ್ಲ.

"ಇದೊಂದೇ ತಾನೇ?" ಎಂದರು.

"ಇದೊಂದೇ. ಏನಾದ್ರೂ ಆದ್ರೆ ನನ್ನ ತಲೆ ಮೇಲೆ. ಬರ್ದು ಕೊಡ್ಲಾ?"

"ಬರ್ಕೊಟ್ರೆ ಬೆಂಕಿ ಓದ್ತದಾ ಬುಡವ್ವ" ಎಂದು ಷಟರ್ ಎಳೆದರು. ಬೀಗ ಹಾಕಿ ಮೂರು ಸಲ ಜಗ್ಗಿ, ಷಟರ್ ಮುಟ್ಟಿ ಕಣ್ಣಿಗೊತ್ತಿಕೊಂಡರು. ಎರಡು ಹೆಜ್ಜೆ ಹೋಗಿ, ತಿರುಗಿ ಬಂದು ಇನ್ನೊಂದು ಸಲ ಜಗ್ಗಿದರು.

ಬಸ್ಸಿನಲ್ಲಿ ಯುಪಿಎಸ್‌ನವನಿಗೆ ಫೋನ್ ಮಾಡಿ ತಪ್ಪಾಯಿತು ಎಂದೆ. "ನಾನ್ ಹೇಳ್ಲಿಲ್ವಾ ಮೇಡಂ" ಎಂದು ಹತ್ತು ನಿಮಿಷ ಮಾತಾಡಿದ. ಕೇಳಿಸಿಕೊಂಡೆ, ಕೇಳಿಸಿಕೊಳ್ಳಬೇಕಾದ್ದೇ. ಮನೆಗೆ ಬಂದು ಬ್ಯಾಗಿನಲ್ಲಿದ್ದ ಫೋಟೋಗಳಿಗೆ ಇನ್ನೊಂದು ಪ್ರತಿ ಮಾಡಿ, ಊಟ ಮಾಡಿ ಮಲಗಿದೆ.

ಶುಕ್ರವಾರ ಬೆಳಿಗ್ಗೆ ಆರೂವರೆಗೆ ಎದ್ದು, ಹಲ್ಲೂ ಉಜ್ಜದೆ ಲ್ಯಾಪ್‌ಟಾಪ್ ತೆರೆದೆ. ಆ ಹೊತ್ತಿನಲ್ಲಿ ಕುಣಿಗಲ್ ಪುಟ ತೆರೆದದ್ದು ನಾಲ್ಕು ತಿಂಗಳಲ್ಲಿ ಅದೇ ಮೊದಲು. ರೀಬಿಲ್ಡ್ ಮುಗಿದಿತ್ತು. ಎರಡನೆಯದು ಹಸಿರು. ನಾಲ್ಕನೆಯದು ಹಳದಿಯಾಗಿಯೇ ಇತ್ತು, ಆದರೆ ಬದುಕಿತ್ತು, ಅದನ್ನೂ ಬದಲಾಯಿಸಲು ಇನ್ನು ಭಯವಿಲ್ಲ. ಹನ್ನೊಂದು ಗಂಟೆಯ ಬ್ಯಾಕಪ್ ತುಮಕೂರಿಗೆ ಬಂದು ತಲುಪಿತ್ತು. ಈ ಸಲ ಮೇಲ್ ನಂಬದೆ ಫೈಲ್ ತೆರೆದು ಕಣ್ಣಾರೆ ನೋಡಿದೆ.

ಆಗ ಫೋನ್ ಬಂತು. ಆಯಮ್ಮ. ಈ ಹೊತ್ತಿನಲ್ಲಿ ಯಾಕೆ ಎಂದುಕೊಂಡೇ ಎತ್ತಿದೆ.

"ಎದ್ದಿದೀರಾ ಮೇಡಂ? ನಿದ್ದೇನೇ ಹತ್ಲಿಲ್ಲ ಕಣವ್ವ. ಅದ್ಕೇ ಎದ್ದು ಬಂದ್ಬುಟ್ಟೆ. ಬಾಗ್ಲು ತೆಗ್ದು ಎಲ್ಲಾ ನೋಡ್ದೆ. ಏನೂ ಸುಟ್ಟಿಲ್ಲ" ಎಂದರು. ಆಮೇಲೆ ಕೇಳಿದರು, "ನಿಮ್ದು?"

"ನಂದೂ ಏನೂ ಹೋಗಿಲ್ಲ ಆಯಮ್ಮ. ಎಲ್ಲಾ ಇದೆ."

"ಸದ್ಯ" ಎಂದರು. ನಾನೂ ಸದ್ಯ ಎಂದೆ. ಇಬ್ಬರಲ್ಲಿ ಯಾರೂ ಫೋನ್ ಇಡಲಿಲ್ಲ.